ದನಿಗೂಡಿಸುವುದು ಅನುಮೋದನೆಯೇ?

ಮೊಹರಂ ತಿಂಗಳ ಚಂದ್ರದರ್ಶನವಾಯಿತೆಂದರೆ ನಮ್ಮ ಹೂವಿನಹಡಗಲಿ ಸೀಮೆಯ ಹಳ್ಳಿಗಳಲ್ಲಿ ಹಲಗೆಯ ಸದ್ದು ಏಳುತ್ತದೆ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡುತ್ತಾರೆ. ರಾತ್ರಿ ಅದರ ಸುತ್ತ ಹಾಡುವ ಮೇಳ ನೆರೆಯುತ್ತದೆ. ಹಾಡುವವರಲ್ಲಿ ಮುಸಲ್ಮಾನರು ಎಷ್ಟೋ ಸಲ ಬೆರಳೆಣಿಕೆಯವರು. ಉಳಿದವರು ಲಿಂಗಾಯತರು, ಕುರುಬರು, ಬೇಡರು, ದಲಿತರು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಪೀರಲ ದೇವರನ್ನು ಕೂಡಿಸುವ ಪದ್ಧತಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಗಳಲ್ಲಿ ಇದೆ. ಅವರು ಹಾಡುವುದು ರಿವಾಯತ್ ಪದಗಳನ್ನು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ನೀರಿನ ದಾರಿ ತಡೆದು, ಪೈಗಂಬರರ ಮೊಮ್ಮಗ ಹುಸೇನರನ್ನೂ ಅವರ ಸಂಗಡಿಗರನ್ನೂ ಕೊಂದ ವೃತ್ತಾಂತವದು. ಇರಾಕಿನ ಆ ದುಃಖ ಇಲ್ಲಿ ಅಚ್ಚ ಕನ್ನಡದಲ್ಲಿ ಹರಿಯುತ್ತದೆ. ಒಬ್ಬನು ನುಡಿ ಎತ್ತಿಕೊಡುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಭಿನ್ನ ಸಂಸ್ಕೃತಿಯ ಜನರನ್ನು ಹತ್ತಿರ ತರಲೆಂದು ಪರದೇಶಗಳಲ್ಲಿ ಗಾಯನವೃಂದಗಳನ್ನು ಕಟ್ಟುತ್ತಾರೆ. ನಮ್ಮ ಕಡೆ ಅವು ಯಾರೂ ಕಟ್ಟದೆಯೇ ಆದವು.

ನಾನು ಹುಡುಗನಾಗಿದ್ದಾಗ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಕತ್ತಲ ರಾತ್ರಿಯ ಹಾಡು ಕೇಳಲು ಓಡುತ್ತಿದ್ದೆ. ಕೇಳುತ್ತ ಕೇಳುತ್ತ ಒಂದು ವರ್ಷ ಪಲ್ಲವಿಗೆ ನಾನೂ ದನಿಗೂಡಿಸಿದೆ. ಸುದ್ದಿ ಮನೆಗೆ ಮುಟ್ಟಿತು. ತಂದೆಯವರು ಬೈಯಲಿಲ್ಲ. “ಒಪ್ಪದ ಹಾಡಿದ್ರ ಸುಳ್ಳಾತು, ಒಪ್ಪಿ ಹಾಡಿದ್ರ ಮೂಢತನಾತು. ಯಾವುದಪಾ ನಿಂದು?” ಎಂದಷ್ಟೇ ಕೇಳಿದರು. ಕೃತ, ಕಾರಿತ, ಅನುಮೋದನ ಎಂಬ ಮೂರರಿಂದಲೂ ಕರ್ಮಬಂಧವುಂಟೆಂದು ಮನೆಯಲ್ಲಿಯೇ ಕಲಿತಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಪಲ್ಲವಿ ಹಿಡಿಯುವುದು ಅನುಮೋದನೆಯಲ್ಲದೆ ಮತ್ತೇನು?

ಈ ಪ್ರಶ್ನೆಯನ್ನು “ಎಲ್ಲ ಧರ್ಮಗಳೂ ಒಂದೇ” ಎಂದು ಹೇಳಿ ದಾಟಿಬಿಡುವುದು ಸುಲಭ. ವೇದಿಕೆಯ ಮೇಲೆ ಅನೇಕಾಂತದ ಹೆಸರಿನಲ್ಲಿ ಹಾಗೆ ಹೇಳುವವರು ನಮ್ಮಲ್ಲಿ ಬಹಳ. ಅನೇಕಾಂತವು ಅಷ್ಟು ಅಗ್ಗದ ಸರಕಲ್ಲ. ವಸ್ತುವಿನ ಮುಖಗಳನ್ನು ಬೇರೆಬೇರೆಯಾಗಿ ನೋಡಿರೆಂದು ಅದು ಹೇಳುತ್ತದೆಯೇ ಹೊರತು, ಎಲ್ಲವನ್ನೂ ಕಲಸಿಬಿಡಿರೆಂದಲ್ಲ. ನನಗೆ ದಾರಿ ತೋರಿದ್ದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. ರಾಗದ್ವೇಷಗಳಿಂದ ಮಲಿನರಾದ ದೇವತೆಗಳನ್ನು ವರದ ಆಸೆಯಿಂದ ಉಪಾಸಿಸುವುದು ದೇವಮೂಢತೆಯೆಂದು ಆಚಾರ್ಯರು ಹೇಳುತ್ತಾರೆ. ಇಲ್ಲಿ ‘ವರದ ಆಸೆ’ ಎಂಬುದನ್ನು ಓದುಗರು ಗಮನಿಸಬೇಕು. ಲೋಕಮೂಢತೆಯನ್ನು ಹೇಳುವಾಗ ನದೀಸಾಗರಸ್ನಾನ, ಗಿರಿಪತನಗಳ ಜೊತೆಗೆ ಅಗ್ನಿಪತನವನ್ನೂ ಎಣಿಸುತ್ತಾರೆ. ಹಾಗಾದರೆ ಹರಕೆ ಹೊತ್ತು ಅಲಾಯಿಯ ಕೆಂಡಕ್ಕೆ ಕಾಲಿಡುವುದು ಒಂದು. ಆ ಕೆಂಡದ ಪಕ್ಕದಲ್ಲಿ ನಿಂತು, ನೀರು ಸಿಗದೆ ಕಂಗೆಟ್ಟ ಕೂಸುಗಳಿಗಾಗಿ ನೆರೆಯವನೊಂದಿಗೆ ಶೋಕಿಸುವುದು ಇನ್ನೊಂದು. ಮೊದಲನೆಯದನ್ನು ಶ್ರಾವಕನು ಮಾಡಲಾರ. ಎರಡನೆಯದರಲ್ಲಿ ಬೇಡಿಕೆಯಿಲ್ಲ, ಹರಕೆಯಿಲ್ಲ. ಹಿಂಸೆಗೆ ತುತ್ತಾದವರ ಬಗೆಗಿನ ಕಾರುಣ್ಯವಿದೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳನ್ನು ತತ್ತ್ವಾರ್ಥಸೂತ್ರವು ಭಾವಿಸಬೇಕಾದವೆಂದೇ ಹೇಳಿದೆ. ಕ್ಲೇಶಪಡುವವರಲ್ಲಿ ಕಾರುಣ್ಯವಿರಲಿ ಎಂದಾಗ ಆ ಕ್ಲಿಷ್ಟರ ಮತ ಯಾವುದೆಂದು ಅದು ಕೇಳುವುದಿಲ್ಲ.

ತಂದೆಯವರಿಗೆ ಇದನ್ನು ಹೇಳುವಷ್ಟು ತಿಳಿವಳಿಕೆ ಬರುವ ಹೊತ್ತಿಗೆ ಅವರಿರಲಿಲ್ಲ.

ಹಾಡಿಗೆ ಇಲ್ಲದ ಶಕ್ತಿಯನ್ನು ಆರೋಪಿಸಲು ನಾನು ಸಿದ್ಧನಿಲ್ಲ. ರಾತ್ರಿ ಒಂದೇ ಪಲ್ಲವಿ ಹಿಡಿದವರು ಬೆಳಿಗ್ಗೆ ಹೊಲದ ಬದುವಿಗಾಗಿ ಜಗಳವಾಡಿದ್ದನ್ನು ಕಂಡಿದ್ದೇನೆ. ಮೇಳದಲ್ಲಿ ಹೆಗಲಿಗೆ ಹೆಗಲು ಕೊಟ್ಟವನನ್ನು ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿಸಿದ ಕಾಲವನ್ನೂ ಕಂಡಿದ್ದೇನೆ. ಆದರೆ ಒಂದಂತೂ ನಿಜ: ಪಲ್ಲವಿ ಹಿಡಿಯಬೇಕಾದವನು ಮುಂದಿನವನ ದನಿಗೆ ಕಿವಿಗೊಡಲೇಬೇಕು. ಅವನ ಶ್ರುತಿಗೆ ತನ್ನದನ್ನು ಇಳಿಸಿಕೊಳ್ಳಬೇಕು, ಅವನು ಉಸಿರೆಳೆದುಕೊಳ್ಳುವವರೆಗೆ ಕಾಯಬೇಕು. ಇಷ್ಟನ್ನು ಕಲಿಸುವ ಪಾಠಶಾಲೆ ಹಳ್ಳಿಯಲ್ಲಿ ಬೇರೊಂದಿಲ್ಲ.

ಈ ವಿಚಾರವನ್ನು ಮತ್ತೆ ಕೆದಕಿದ್ದು ಕೆಲವು ವರ್ಷಗಳ ಹಿಂದಿನ ಒಂದು ಮಹಾವೀರ ಜಯಂತಿ. ಊರಿನ ಹೆಸರು ಬೇಡ. ಮೆರವಣಿಗೆಗೆ ಹಲಗೆಯವರನ್ನು ಕರೆಸಿದ್ದರು. ಅವರಲ್ಲಿ ಇಬ್ಬರು ಮೊಹರಂ ಮೇಳದವರೇ. ಬೀದಿಯುದ್ದಕ್ಕೂ ಅವರು ಬಾರಿಸಿದರು, ನಮ್ಮ ಮಹಿಳಾ ಮಂಡಳದವರ ಹಾಡಿಗೆ ತಾವಾಗಿಯೇ ದನಿಗೂಡಿಸಿದರು. ನಮ್ಮ ಪದದ ಪಲ್ಲವಿ ಅವರಿಗೆ ಬಾಯಿಪಾಠವಾಗಿತ್ತು. ಬಸದಿಯ ಬಾಗಿಲಿಗೆ ಬಂದಾಗ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, “ಚರ್ಮವಾದ್ಯ, ಹೊರಗೇ ಇರಲಿ” ಎಂದರು. ವಾದ್ಯದೊಡನೆ ಮನುಷ್ಯರೂ ಹೊರಗುಳಿದರು. ಒಳಗೆ ಭಜನೆಗೆ ತಬಲಾ ನುಡಿಯುತ್ತಿತ್ತು. ತಬಲಾದ ಮುಖಕ್ಕೆ ಹೊದಿಸಿದ್ದೂ ಚರ್ಮವೇ. ಅಹಿಂಸೆಯ ಕಾರಣಕ್ಕೆ ಎರಡನ್ನೂ ಹೊರಗಿಡುವವರಿದ್ದರೆ ಅವರಿಗೆ ನಾನು ತಲೆಬಾಗುತ್ತೇನೆ. ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊರಗಿಟ್ಟಾಗ ಆ ಬಾಗಿಲಲ್ಲಿ ಕಾವಲು ನಿಂತಿದ್ದು ಅಹಿಂಸೆಯಲ್ಲ.

ವಾದ್ಯವನ್ನು ತಡೆಯುವುದೆಂದರೇನೆಂದು ನಮ್ಮ ಸಮಾಜಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೆದ್ದಾಗ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು ರಾಯನಿಗೆ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲುವುವೆಂದು ತೀರ್ಪಿತ್ತನು. ಬೆಳಗೊಳದ ತೀರ್ಥದ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆ ಬಿದ್ದದ್ದು ವೈಷ್ಣವರ ಕಡೆಗೆ. ಅದಕ್ಕೆ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ. ಹೊಲವಲ್ಲ, ಹೊನ್ನಲ್ಲ, ವಾದ್ಯವನ್ನು ನುಡಿಸುವ ಮರ್ಯಾದೆಗಾಗಿ ನಮ್ಮ ಹಿರಿಯರು ರಾಜದ್ವಾರಕ್ಕೆ ಹೋದರು. ಆನೆಗೊಂದಿ ನಮಗೇನೂ ದೂರದ ಊರಲ್ಲ. ಹಡಗಲಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯೇ ಅಲ್ಲಿಯೂ ಹರಿಯುವುದು.

ತೀರ್ಥಂಕರರ ಸಮವಸರಣವನ್ನು ನಮ್ಮ ಮಕ್ಕಳು ಕೂಡ ಬಣ್ಣದಲ್ಲಿ ಬರೆಯುತ್ತಾರೆ. ಹನ್ನೆರಡು ಸಭೆಗಳು, ದೇವತೆಗಳಿಗೆ, ಮನುಷ್ಯರಿಗೆ ಮಾತ್ರವಲ್ಲ, ಪಶುಪಕ್ಷಿಗಳಿಗೂ ಅಲ್ಲೊಂದು ಕೋಷ್ಠ. ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿ, ಕೇಳಿದವರಿಗೆ ಅವರವರ ನುಡಿಯಲ್ಲಿಯೇ ತಿಳಿಯುತ್ತದೆಂದು ನಂಬಿದವರು ನಾವು. ಆ ಚಿತ್ರದ ಚೌಕಟ್ಟನ್ನು ನಮ್ಮ ಬಸದಿಯ ಗೋಡೆಗೂ ತೂಗುಹಾಕಿದೆ. ಹಲಗೆಯವರು ನಿಂತಿದ್ದ ಬಾಗಿಲಿನಿಂದ ಅದು ಕಾಣಿಸುತ್ತದೆ.

ಆ ದಿನ ನಾನು ಆ ಹಿರಿಯರಿಂದ ಮೂರು ಮಾರು ದೂರದಲ್ಲಿದ್ದೆ. ಕೈ ಅಡ್ಡ ಹಿಡಿದವನು ನಾನಲ್ಲ, ಹಿಡಿಸಿದವನೂ ನಾನಲ್ಲ. ಸುಮ್ಮನಿದ್ದೆ. ಪಲ್ಲವಿಗೆ ದನಿಗೂಡಿಸಿದ್ದು ಅನುಮೋದನೆಯಾಯಿತೋ ಎಂದು ಅಷ್ಟು ವರ್ಷ ಲೆಕ್ಕ ಹಾಕಿದವನು, ದನಿ ತೆಗೆಯದೆ ಮಾಡಿದ ಈ ಅನುಮೋದನೆಯನ್ನು ಆ ಕ್ಷಣದಲ್ಲಿ ಗುರುತಿಸಲಿಲ್ಲ. ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಅದು ತಾನಾಗಿ ಎದುರು ಬಂದು ನಿಂತಿತು.

ಮರುದಿನ ಹಲಗೆಯ ಮುಖಂಡನ ಮನೆಗೆ ಹೋದೆ. ಕ್ಷಮೆ ಕೇಳಿದಾಗ ಆತ ಮುಜುಗರಪಟ್ಟು, “ಅದಕ್ಯಾಕ ಬಿಡ್ರಿ ಸಾವಕಾರ್ರ” ಎಂದು ಹಲಗೆಯನ್ನು ಬಿಸಿಲಿಗೆ ಹಿಡಿದು ಬಿಗಿಮಾಡುತ್ತಿದ್ದ. ಮೊಹರಮ್ಮಿಗೆ ಬರುತ್ತೀರಲ್ಲ ಎಂದು ಕೇಳಿದ. ಬರುತ್ತೇನೆಂದೆ. ನಮ್ಮ ಜಯಂತಿಗೆ ಬಾ ಎಂದು ಅವನನ್ನು ಕರೆಯುವ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಎಲ್ಲಿಯವರೆಗೆ ಬಾ ಎನ್ನಬೇಕೆಂಬುದು ನನಗೆ ತಿಳಿದಿರಲಿಲ್ಲ. ಮುಂದಿನ ಸಭೆಯಲ್ಲಿ ಬಾಗಿಲಿನ ಮಾತನ್ನು ನಾನೇ ಎತ್ತಿದೆ. ಒಬ್ಬಿಬ್ಬರು ತಲೆಯಾಡಿಸಿದರು, ಒಬ್ಬರು ಎದ್ದುಹೋದರು. ವಿಷಯವನ್ನು ನಿರ್ಣಯವಿಲ್ಲದೆ ಮುಂದೂಡಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.