ಅಂಪೈರ್ ಇಲ್ಲದ ಆಟ

ಒಬ್ಬ ಮನುಷ್ಯನ ಗುಣ ತಿಳಿಯಬೇಕಾದರೆ ಅವನೊಂದಿಗೆ ವ್ಯವಹಾರ ಮಾಡಬೇಕು, ಪ್ರಯಾಣ ಮಾಡಬೇಕು ಎಂದು ಹಿರಿಯರು ಹೇಳುತ್ತಾರೆ. ಇದಕ್ಕೆ ಇನ್ನೊಂದನ್ನು ಸೇರಿಸಬಹುದೆಂದು ನನಗೆ ಅನಿಸುತ್ತದೆ. ಅವನೊಂದಿಗೆ ಅಂಪೈರ್ ಇಲ್ಲದ ಆಟವನ್ನು ಆಡಬೇಕು. ತೀರ್ಪು ಹೇಳುವವರು ಯಾರೂ ಇಲ್ಲದಿರುವಾಗ, ಸೋಲು ಎದುರಿಗೆ ನಿಂತಿರುವಾಗ, ‘ಹೌದು, ನಾನು ಔಟ್’ ಎಂದು ಬ್ಯಾಟ್ ಕೆಳಗಿಡುವವನನ್ನು ನೀವು ನಂಬಬಹುದು.

ಇಂಥ ಆಟವನ್ನು ನಾನು ಬಾಲ್ಯದಲ್ಲಿ ಕೊಕ್ಕರ್ಣೆಯ ಗದ್ದೆಗಳಲ್ಲಿ ಆಡಿದ್ದೇನೆ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿರುವ ಈ ಊರು ಆಗ ಉಡುಪಿ ತಾಲೂಕಿನಲ್ಲಿತ್ತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ, ದಕ್ಷಿಣ ಕನ್ನಡ ಒಂದೇ ಜಿಲ್ಲೆಯಾಗಿದ್ದ ಕಾಲದ ಮಾತಿದು. 1983ರ ವಿಶ್ವಕಪ್ ಗೆಲುವಿನ ನಂತರದ ವರ್ಷಗಳು. ಮಳೆಗಾಲದಲ್ಲಿ ಶಾಲೆಯ ಮೈದಾನದ ಕೆಸರಿನಲ್ಲಿ ಫುಟ್‌ಬಾಲ್, ಮಳೆ ಬಿಟ್ಟ ಮೇಲೆ ಗದ್ದೆಯಲ್ಲಿ ಕ್ರಿಕೆಟ್. ಆದಿತ್ಯವಾರ ಬೆಳಿಗ್ಗೆ ಗದ್ದೆಗೆ ಇಳಿದರೆ ಮಧ್ಯಾಹ್ನ ಮನೆಯಿಂದ ಊಟಕ್ಕೆ ಕೂಗು ಬರುವವರೆಗೂ ಆಟ.

ನಮ್ಮ ಆಟದ ಪಂಚಾಂಗವನ್ನು ನಿರ್ಧರಿಸುತ್ತಿದ್ದುದು ಭತ್ತದ ಬೆಳೆ. ಬೈಲುಗದ್ದೆಗಳಲ್ಲಿ ಮಳೆಗಾಲದ ಬೆಳೆಯ ನಂತರ ಸುಗ್ಗಿ, ನೀರಿದ್ದರೆ ಕೊಳಕೆ ಎಂದು ಬೆಳೆ ನಿಂತೇ ಇರುತ್ತಿತ್ತು. ಮಳೆಯನ್ನೇ ನಂಬಿದ ಬೆಟ್ಟುಗದ್ದೆಗೆ ಒಂದೇ ಬೆಳೆ. ಅದರ ಕೊಯ್ಲು ಮುಗಿದದ್ದೇ ತಡ, ಗದ್ದೆ ನಮ್ಮದು. ಕೂಳೆಗಳನ್ನು ತುಳಿದು ತುಳಿದು ನೆಲ ಗಟ್ಟಿಯಾಗಲು ಎರಡು ವಾರ ಬೇಕಾಗುತ್ತಿತ್ತು. ತೆಂಗಿನ ಕೊತ್ತಳಿಗೆಯನ್ನು ಕೆತ್ತಿದರೆ ಬ್ಯಾಟು. ಕಾಸು ಕೂಡಿಸಿ ತಂದದ್ದು ಒಂದು ರಬ್ಬರ್ ಚೆಂಡು. ಮೂರು ಕೋಲು ನೆಟ್ಟರೆ ವಿಕೆಟ್.

ನಿಯಮಗಳನ್ನೂ ನಾವೇ ಮಾಡಿಕೊಂಡಿದ್ದೆವು. ಚೆಂಡು ಗದ್ದೆಯ ಅಂಚಿಗೆ ತಾಗಿದರೆ ನಾಲ್ಕು ರನ್. ಪಕ್ಕದ ತೋಟಕ್ಕೆ ಹೋದರೆ ಹೊಡೆದವನೇ ಔಟ್, ಏಕೆಂದರೆ ಬೈಗುಳ ತಿನ್ನಬೇಕಾದವರು ಎಲ್ಲರೂ. ಆಡುವವರ ಸಂಖ್ಯೆ ಬೆಸವಾದರೆ ಒಬ್ಬ ಎರಡೂ ಕಡೆ ಆಡುತ್ತಿದ್ದ, ಅವನಿಗೆ ಜೋಕರ್ ಎಂದು ಹೆಸರು. ತೀರಾ ಚಿಕ್ಕವನಿಗೆ ಮೊದಲನೆಯ ಚೆಂಡು ಟ್ರಯಲ್, ಅದರಲ್ಲಿ ಔಟಾದರೂ ಲೆಕ್ಕವಿಲ್ಲ. ಬೌಲಿಂಗ್ ಕೈ ಕೆಳಗಿನಿಂದ, ಅಂದರೆ ನಮ್ಮ ಕರಾವಳಿಯಲ್ಲಿ ಈಗಲೂ ಜನಪ್ರಿಯವಾಗಿರುವ ಅಂಡರ್ ಆರ್ಮ್.

ಈ ಅಂಡರ್ ಆರ್ಮ್ ಎಂಬ ಮಾತು ಕ್ರಿಕೆಟ್ ಲೋಕದಲ್ಲಿ ಒಂದು ಕಳಂಕದ ಹೆಸರು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನಡೆದ ಏಕದಿನ ಪಂದ್ಯದಲ್ಲಿ ನ್ಯೂಜಿಲೆಂಡ್‌ಗೆ ಪಂದ್ಯವನ್ನು ಸಮ ಮಾಡಿಕೊಳ್ಳಲು ಕೊನೆಯ ಚೆಂಡಿನಲ್ಲಿ ಆರು ರನ್ ಬೇಕಿತ್ತು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದ. ನಿಯಮದಲ್ಲಿ ಆಗ ಅದಕ್ಕೆ ಅಡ್ಡಿ ಇರಲಿಲ್ಲ. ಪಂದ್ಯ ಗೆದ್ದರು, ಮರ್ಯಾದೆ ಕಳೆದುಕೊಂಡರು. ಅದೇ ಕೈ ಕೆಳಗಿನ ಚೆಂಡು ನಮ್ಮ ಗದ್ದೆಯಲ್ಲಿ ಮರ್ಯಾದೆಯ ಚೆಂಡು. ವ್ಯತ್ಯಾಸ ಎಲ್ಲಿದೆ? ನಮ್ಮದು ಎಲ್ಲರೂ ಒಪ್ಪಿ ಆಡುತ್ತಿದ್ದ ಚೆಂಡು. ಅಲ್ಲಿಯದು ಎದುರಾಳಿ ನಿರೀಕ್ಷಿಸದ, ಅವನ ಭರವಸೆಯನ್ನು ಮುರಿದ ಚೆಂಡು. ಆಟದ ನೈತಿಕತೆ ಪುಸ್ತಕದಲ್ಲಿರುವ ನಿಯಮಕ್ಕಿಂತ ಹೆಚ್ಚಾಗಿ ಆಡುವವರ ನಡುವಿನ ಒಪ್ಪಂದದಲ್ಲಿದೆ ಎಂದು ನಾನು ಬಹುಕಾಲ ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಆ ಒಪ್ಪಂದದಲ್ಲಿ ಯಾರು ಯಾರು ಇದ್ದರು ಎಂಬ ಪ್ರಶ್ನೆಯನ್ನು ಕೇಳಿಕೊಂಡದ್ದು ತಡವಾಗಿ.

ಎದುರಾಳಿಯ ಭರವಸೆಯನ್ನು ಉಳಿಸಿದವರ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಇದ್ದಾರೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಟೆಸ್ಟ್‌ಗೆ ಅವರು ನಾಯಕ. 58 ರನ್ನಿಗೆ ಇಂಗ್ಲೆಂಡಿನ ಐದು ವಿಕೆಟ್‌ಗಳು ಬಿದ್ದಿದ್ದವು. ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದ ಮೇಲೂ, ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ತಿಳಿದ ವಿಶ್ವನಾಥ್ ಅವನನ್ನು ಮರಳಿ ಆಡಲು ಕರೆದರು. ಟೇಲರ್ ಮತ್ತು ಬೋತಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅಂಪೈರ್ ಇದ್ದ ಆಟವನ್ನೂ ಅಂಪೈರ್ ಇಲ್ಲದ ಆಟದಂತೆ ಆಡಿದವರು ಅವರು. ಆ ಪಂದ್ಯದ ಸೋಲನ್ನು ನೆನಪಿಡುವವರು ಕಡಿಮೆ, ಆ ಕರೆಯನ್ನು ನೆನಪಿಡುವವರೇ ಹೆಚ್ಚು.

ಇಂಥ ಕಥೆಗಳ ಜೊತೆಗೆ ನಮ್ಮ ಗದ್ದೆಯ ಕಥೆಯನ್ನೂ ಸೇರಿಸಿ ನಾನು ಮಕ್ಕಳಿಗೆ, ಗೆಳೆಯರಿಗೆ, ಒಂದೆರಡು ಸಭೆಗಳಲ್ಲಿಯೂ ಹೇಳುತ್ತಾ ಬಂದಿದ್ದೇನೆ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಗದ್ದೆಗೆ ಇಳಿದ ಮೇಲೆ ಯಾರ ಜಾತಿ ಏನು, ಧರ್ಮ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ನಾವೆಲ್ಲ ಒಂದೇ ಚೆಂಡಿನ ಹಿಂದೆ ಓಡಿದವರು.’ ಕೇಳಿದವರು ತಲೆದೂಗುತ್ತಿದ್ದರು. ಹೇಳುವ ನನಗೂ ಹಿತವೆನಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಊರಿನ ಒಂದು ಮದುವೆಗೆ ಹೋಗಿದ್ದೆ. ಊಟದ ಹಂತಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದವನ ಗುರುತು ಹತ್ತಿತು. ನನ್ನದೇ ಪ್ರಾಯ. ಕೆಂಪುಕಲ್ಲಿನ ಕಟ್ಟಡ ಕೆಲಸದ ಮೇಸ್ತ್ರಿ. ಚಿಕ್ಕಂದಿನಲ್ಲಿ ಪ್ರತಿ ಆದಿತ್ಯವಾರ ನಮ್ಮ ಗದ್ದೆಯ ಬಳಿ ಇರುತ್ತಿದ್ದವನು. ಖುಷಿಯಿಂದ ಬೆನ್ನು ತಟ್ಟಿ, ‘ಎಂತ ಮಾರಾಯ, ನಮ್ಮ ಆಟ ಎಷ್ಟು ಲಾಯ್ಕ್ ಇತ್ತಲ್ಲ?’ ಎಂದೆ. ಅವನು ನಕ್ಕ. ‘ನಿಮ್ಮ ಆಟ ಲಾಯ್ಕ್ ಇತ್ತು. ನಂಗೆ ಚೆಂಡ್ ಹೆಕ್ಕುದೇ ಆಯ್ತಲ್ಲ’ ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದರೆ ನನಗೆ ಸುಲಭವಾಗುತ್ತಿತ್ತು. ಇದ್ದದ್ದು ಒಂದು ಸಣ್ಣ ತಿದ್ದುಪಡಿ. ನಾನು ‘ನಮ್ಮ’ ಎಂದದ್ದನ್ನು ಅವನು ‘ನಿಮ್ಮ’ ಎಂದು ತಿದ್ದಿದ್ದ. ಇನ್ನೊಂದೂ ಆಗ ಗಮನಕ್ಕೆ ಬಂತು. ನಾನು ಅವನನ್ನು ‘ನೀನು’ ಎನ್ನುತ್ತಿದ್ದೆ, ಅವನು ನನ್ನನ್ನು ‘ನೀವು’ ಎನ್ನುತ್ತಿದ್ದ. ಒಂದೇ ಪ್ರಾಯದ ಇಬ್ಬರು ಒಟ್ಟಿಗೆ ಆಡಿ ಬೆಳೆದಿದ್ದರೆ ಹೀಗಿರುವುದಿಲ್ಲ. ಆದ್ದರಿಂದ ಇನ್ನು ಮುಂದೆ ಅವರನ್ನು ‘ಅವರು’ ಎಂದೇ ಬರೆಯುತ್ತೇನೆ.

ಅವರ ತಾಯಿ ಅದೇ ಗದ್ದೆಯ ನಾಟಿಗೂ ಕೊಯ್ಲಿಗೂ ಬರುತ್ತಿದ್ದವರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯ ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. ಅದೊಂದು ದೊಡ್ಡ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ಬರುತ್ತಿದ್ದವರ ಕೈಗೆ ಆ ಗದ್ದೆಗಳು ಬರಲಿಲ್ಲ. ನಾವು ‘ನಮ್ಮ ಗದ್ದೆ’ ಎಂದು ಕುಣಿಯುತ್ತಿದ್ದ ನೆಲದಲ್ಲಿ ನಟ್ಟವರು ಆ ತಾಯಿ, ಕೊಯ್ದವರು ಅವರು. ಮಗನದು ಅಂಚಿನ ಮೇಲೆ ದನ ಕಾಯುವ ಕೆಲಸ. ಚೆಂಡು ತೋಡಿಗೆ ಬಿದ್ದರೆ, ಮುಳ್ಳಿನ ಪೊದೆಗೆ ಹೋದರೆ ಹೆಕ್ಕಿ ಕೊಡುತ್ತಿದ್ದರು. ‘ಮುಂದಿನ ವಾರ ನಿಂಗೂ ಬ್ಯಾಟಿಂಗ್’ ಎನ್ನುತ್ತಿದ್ದೆವು. ಆ ಮುಂದಿನ ವಾರ ಬರಲಿಲ್ಲ.

ಆ ಮದುವೆಯ ದಿನ ರಾತ್ರಿ ನನಗೆ ಇನ್ನೊಂದು ಆದಿತ್ಯವಾರ ನೆನಪಾಯಿತು. ಮರೆತಿದ್ದೆ ಎಂದು ಹೇಳಲಾರೆ, ಅದರ ಕಡೆ ನೋಡದೆ ಇದ್ದೆ. ಪಕ್ಕದ ಊರಿನ ಹುಡುಗರ ಜೊತೆ ಹೊಸ ಚೆಂಡಿನ ಪಂತ. ಅವರಿಗೆ ಗೆಲ್ಲಲು ಮೂರು ರನ್, ಉಳಿದದ್ದು ಒಂದೇ ವಿಕೆಟ್. ಹೊಡೆದ ಚೆಂಡು ಅಂಚಿನ ಬುಡದಲ್ಲಿ ನಿಂತಿದ್ದ ನನ್ನ ಕೈಗೆ ಬಂತು. ಆದರೆ ಅಂಚಿಗೆ ತಾಗಿ ಬಂತು. ತಾಗಿದರೆ ನಾಲ್ಕು, ತಾಗದಿದ್ದರೆ ಔಟ್. ನಾನು ಕೈಯೆತ್ತಿ ‘ಔಟ್’ ಎಂದು ಕೂಗಿದೆ. ಜಗಳವಾಯಿತು. ಅಂಚಿನ ಮೇಲೆಯೇ ಕೂತಿದ್ದ ಆ ಹುಡುಗ ‘ಅಂಚಿಗೆ ತಾಗಿತ್, ನಾ ಕಂಡೆ’ ಎಂದರು. ನಮ್ಮವರಲ್ಲೊಬ್ಬ, ‘ನೀ ಆಟದಲ್ಲಿಲ್ಲ, ಬಾಯ್ಮುಚ್ಚು’ ಎಂದ. ಆಗ ಎದುರು ತಂಡದ ನಾಯಕ ನನ್ನ ಕಡೆ ತಿರುಗಿ, ‘ನಿನ್ನ ಮಾತೇ ಕಡೆ. ಹೇಳ್ ಮಾರಾಯ, ತಾಗಿತಾ?’ ಎಂದು ಕೇಳಿದ. ‘ಇಲ್ಲ’ ಎಂದೆ. ಅವರು ನಂಬಿದರು, ಚೆಂಡು ಕೊಟ್ಟು ಹೋದರು.

ಸುಳ್ಳು ಸಣ್ಣದು, ವಯಸ್ಸೂ ಸಣ್ಣದು. ಹತ್ತು ಹನ್ನೆರಡು ವರ್ಷದ ಹುಡುಗರ ಮೇಲೆ ಇಷ್ಟೊಂದು ಭಾರ ಹೊರಿಸಬೇಕೇ ಎಂದು ನೀವು ಕೇಳಬಹುದು. ಆ ಹುಡುಗನನ್ನು ನಾನೂ ಕ್ಷಮಿಸಬಲ್ಲೆ. ನನ್ನನ್ನು ಕಾಡುವುದು ಬೇರೆ. ಅಂಪೈರ್ ಇಲ್ಲದ ಆಟ ಸತ್ಯದ ಶಾಲೆ ಎಂದು ನಾನು ಹೊಗಳುತ್ತಾ ಬಂದಿದ್ದೆನಲ್ಲ, ಅಲ್ಲಿ ಅಂದು ಅಂಪೈರ್ ಇದ್ದರು. ಕಣ್ಣಾರೆ ಕಂಡವರು, ಯಾವ ತಂಡಕ್ಕೂ ಸೇರದವರು, ನಿಜ ಹೇಳಿದವರು. ಅಂಪೈರ್‌ಗೆ ಬೇಕಾದ ಎಲ್ಲ ಅರ್ಹತೆ ಇದ್ದದ್ದು ಅವರೊಬ್ಬರಿಗೇ. ಅವರ ಮಾತು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ನನ್ನ ಸುಳ್ಳು ನಡೆದದ್ದು ನಾನು ಚತುರನಾದ್ದರಿಂದಲ್ಲ, ನನ್ನ ಮಾತಿಗೆ ಬೆಲೆ ಇದ್ದುದರಿಂದ.

ಪ್ರಾಮಾಣಿಕತೆಯ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಹೇಳುವವನ ಬಗ್ಗೆ ಮಾತ್ರ ಯೋಚಿಸುತ್ತೇವೆ. ಅವನು ನಿಜ ಹೇಳಿದನೇ, ಸುಳ್ಳು ಹೇಳಿದನೇ ಎಂದು. ಕೇಳುವವರ ಪ್ರಾಮಾಣಿಕತೆ ಎಂಬುದೂ ಒಂದಿದೆ. ಯಾರ ಬಾಯಿಂದ ಬಂದರೂ ನಿಜವನ್ನು ನಿಜವೆಂದು ಒಪ್ಪುವುದು ಅದು. ಒಂದು ಸಮಾಜದಲ್ಲಿ ಕೆಲವರ ಮಾತಿಗೆ ಮಾತ್ರ ಬೆಲೆ ಇರುವುದಾದರೆ ಅಲ್ಲಿ ಸತ್ಯವಂತರು ಎಷ್ಟಿದ್ದರೂ ಸತ್ಯ ಸೋಲುತ್ತದೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನೆನಪು ಕೂಡ ಅಂಪೈರ್ ಇಲ್ಲದ ಆಟವೇ. ಅಲ್ಲಿ ಬ್ಯಾಟು ನಮ್ಮದು, ಚೆಂಡು ನಮ್ಮದು, ತೀರ್ಪೂ ನಮ್ಮದು. ನಲವತ್ತು ವರ್ಷಗಳ ಹಿಂದಿನ ಗದ್ದೆಯನ್ನು ನಾನು ಹೇಗೆ ಹೇಳಿದರೂ ಅಲ್ಲ ಎನ್ನುವವರಿಲ್ಲ. ಆದ್ದರಿಂದಲೇ ಅದನ್ನು ಎಲ್ಲರ ಗದ್ದೆಯನ್ನಾಗಿ ಮಾಡಿಕೊಂಡೆ. ಅಂಚಿನ ಮೇಲೆ ಕೂತಿದ್ದವರನ್ನು ಒಳಗೆ ಸೇರಿಸಿಕೊಂಡೆ, ಅವರನ್ನು ಕೇಳದೆಯೇ. ನನ್ನ ಅಕ್ಕ ತಂಗಿಯರು ಒಂದು ದಿನವೂ ಆ ಗದ್ದೆಯಲ್ಲಿ ಬ್ಯಾಟು ಹಿಡಿದವರಲ್ಲ. ಆ ಹೊತ್ತಿಗೆ ಅವರು ನಮ್ಮ ಕೆಸರಿನ ಬಟ್ಟೆ ಒಗೆಯುತ್ತಿದ್ದರು. ‘ನಾವೆಲ್ಲ’ ಎನ್ನುವಾಗ ಅವರೂ ಅದರಲ್ಲಿ ಇರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನವರು ಆದಿತ್ಯವಾರದ ಹವ್ಯಾಸಿ ಫುಟ್‌ಬಾಲನ್ನು ಬಹಳ ಹಂಬಲದಿಂದ ನೆನೆಯುತ್ತಾರೆ. ಲಂಡನ್ನಿನ ಹ್ಯಾಕ್ನಿ ಮಾರ್ಷಸ್ ಬಯಲಿನಲ್ಲಿ ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಅಂಕಣಗಳಿದ್ದವು. ವಾರವಿಡೀ ದುಡಿದವರು ಅಲ್ಲಿ ಒಂದು ದಿನ ಆಟಗಾರರಾಗುತ್ತಿದ್ದರು. ಆದರೆ ಅದೇ ದೇಶದ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಅಧೀನದ ಮೈದಾನಗಳಿಂದ ಮಹಿಳಾ ಫುಟ್‌ಬಾಲನ್ನು ಹೊರಗಿಟ್ಟಿತು. ಆ ನಿಷೇಧ ಸುಮಾರು ಐವತ್ತು ವರ್ಷ ಇತ್ತು. ಹಂಬಲದ ಚಿತ್ರಗಳಲ್ಲಿ ಈ ಐವತ್ತು ವರ್ಷ ಕಾಣಿಸುವುದು ಅಪರೂಪ. ಯಾವ ಊರಿನ ನೆನಪೇ ಆಗಲಿ, ಗದ್ದೆಯ ನಡುವಿನಿಂದ ಕಾಣುವುದೂ ಅಂಚಿನಿಂದ ಕಾಣುವುದೂ ಒಂದೇ ಅಲ್ಲ.

ಹಾಗಾದರೆ ಹಳೆಯ ಕಾಲದ ಒಳ್ಳೆಯ ನೆನಪೆಲ್ಲ ಸುಳ್ಳೇ? ಹಾಗೆನ್ನುವುದು ಇನ್ನೊಂದು ಸುಳ್ಳಾಗುತ್ತದೆ. ಬೇರೆ ಬೇರೆ ಮನೆಗಳ ಹುಡುಗರು ನಾವು ಒಂದೇ ಕೊಡಪಾನದಿಂದ ನೀರು ಕುಡಿದದ್ದು ನಿಜ. ಚಿಕ್ಕವನಿಗೆ ಟ್ರಯಲ್ ಬಾಲ್ ಕೊಟ್ಟದ್ದು ನಿಜ. ಆ ಸಣ್ಣ ನಿಯಮದಲ್ಲಿ, ಬಲವಿಲ್ಲದವನಿಗೆ ಒಂದು ಅವಕಾಶ ಹೆಚ್ಚು ಸಿಗಬೇಕು ಎಂಬ ದೊಡ್ಡ ನ್ಯಾಯ ಇತ್ತು. ಅದನ್ನು ನಾವು ಅಂಚಿನಾಚೆಗೆ ಒಯ್ಯಲಿಲ್ಲ ಅಷ್ಟೆ. ಇದ್ದದ್ದನ್ನು ಇಲ್ಲ ಎನ್ನುವುದು ಬೇಡ. ಅದು ಎಲ್ಲಿಯವರೆಗೆ ಇತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಈ ಮಾತು ಇಂದು ಮುಖ್ಯವಾಗಲು ಕಾರಣವಿದೆ. ನಾವು ಆಡಿದ ಬೆಟ್ಟುಗದ್ದೆಯಲ್ಲಿ ಈಗ ಅಡಿಕೆ ತೋಟ, ಸುತ್ತ ಕೆಂಪುಕಲ್ಲಿನ ಪಾಗಾರ. ಕರಾವಳಿಯಲ್ಲಿ ಸಮುದಾಯಗಳು ತಮ್ಮವರಿಗಾಗಿಯೇ ಟೂರ್ನಮೆಂಟ್ ನಡೆಸುವುದು ಸಾಮಾನ್ಯವಾಗಿದೆ. ಒಬ್ಬರ ಮೈದಾನಕ್ಕೆ ಇನ್ನೊಬ್ಬರು ಇಳಿಯುವ ಸಂದರ್ಭಗಳು ಕಡಿಮೆಯಾಗುತ್ತಿವೆ. ಇದನ್ನು ನೋಡಿ ನಾವು ‘ಹಿಂದೆ ಎಲ್ಲರೂ ಒಂದಾಗಿದ್ದೆವು’ ಎನ್ನುತ್ತೇವೆ. ಅಂಚಿನ ಮೇಲೆ ಕೂತಿದ್ದವರಿಗೆ ಈ ಮಾತು ಕೇಳಿಸುವಾಗ ಅವರಿಗೆ ನಗು ಬರಬಹುದು. ಮರಳಿ ಕಟ್ಟಬೇಕಾದ ಸೌಹಾರ್ದ ಎಂದರೆ ಯಾವುದು? ಅವರು ಚೆಂಡು ಹೆಕ್ಕುತ್ತಿದ್ದ ಹಳೆಯ ಗದ್ದೆಯೇ ಅದು ಎಂದಾದರೆ ಅವರೇಕೆ ಬರಬೇಕು? ಅವರಿಗೂ ಬ್ಯಾಟು ಸಿಗುವ, ಅವರ ಸಾಕ್ಷಿಗೂ ಬೆಲೆ ಇರುವ ಗದ್ದೆಯನ್ನು ಹೊಸದಾಗಿಯೇ ಮಾಡಬೇಕು.

ಮೊನ್ನೆ ಊರಿಗೆ ಹೋದಾಗ ಆ ಮೇಸ್ತ್ರಿಯವರ ಮನೆಗೆ ಹೋದೆ. ಅಂಗಳದಲ್ಲಿ ಅವರ ಮೊಮ್ಮಗಳು ನೆರೆಯ ಹುಡುಗರ ಜೊತೆ ಪ್ಲಾಸ್ಟಿಕ್ ಬ್ಯಾಟಿನಲ್ಲಿ ಆಡುತ್ತಿದ್ದಳು. ಚಹಾ ಕುಡಿಯುತ್ತಾ ನಾನು ಅಂದಿನ ಕ್ಯಾಚಿನ ವಿಷಯ ತೆಗೆದು, ‘ಅಂದು ನೀವು ಹೇಳಿದ್ದೇ ನಿಜ, ಚೆಂಡು ಅಂಚಿಗೆ ತಾಗಿತ್ತು’ ಎಂದೆ. ‘ನೀವು’ ಎಂದದ್ದಕ್ಕೋ ಏನೋ, ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, ‘ಅದ್ ನಂಗ್ ಆವತ್ತೇ ಗೊತ್ತಿತ್ತಲ್ಲ’ ಎಂದು ಹೇಳಿ, ಅಂಗಳದಿಂದ ಉರುಳಿ ಬಂದ ಚೆಂಡನ್ನು ಹೆಕ್ಕಿ ಮೊಮ್ಮಗಳ ಕಡೆ ಎಸೆದರು.