ಸಾದೃಶ್ಯವೂ ಸಾಕ್ಷ್ಯವೂ

ಒಂದು ಪದಾರ್ಥವನ್ನು ಕಂಡು "ಇದು ಅದೇ" ಎಂದು ನಾವು ನಿಶ್ಚಯಿಸುವಾಗ ಆ ನಿಶ್ಚಯಕ್ಕೆ ಆಧಾರವಾದದ್ದು ಯಾವುದು ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಮಡಕೆ, ವಸ್ತ್ರ, ದೀಪಜ್ವಾಲೆ, ರಥ ಮೊದಲಾದ ನಿತ್ಯವ್ಯವಹಾರದ ವಸ್ತುಗಳನ್ನೇ ಮುಂದಿಟ್ಟುಕೊಂಡು ಶತಮಾನಗಳ ಕಾಲ ವಿಚಾರಮಾಡಿದರು. ಆ ವಿಚಾರವು ಗ್ರಂಥಗಳೊಳಗೇ ಮುಗಿದುಹೋಯಿತೆಂದು ಭಾವಿಸುವವರು, ಜಪಾನಿನಲ್ಲಿ ಅರ್ಧ ಶತಮಾನದ ಹಿಂದೆ ತಯಾರಾದ ಸ್ಪೋರ್ಟ್ಸ್ ಕಾರುಗಳ ಮೂಲತ್ವವನ್ನು ಪರೀಕ್ಷಿಸಿ ಅಂಕ ಕೊಡತಕ್ಕ ತೀರ್ಪುಗಾರರ ಕೆಲಸವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕೈಯಲ್ಲಿ ಒಂದು ಟಾರ್ಚು, ಒಂದು ಅಂಕಪಟ್ಟಿ, ಮನಸ್ಸಿನಲ್ಲಿ ಆ ಕಾರಿನ ಬಿಡಿಭಾಗಗಳ ಪಟ್ಟಿ, ಇಷ್ಟೇ ಅವರ ಸಾಮಗ್ರಿ. ಯಾವ ದರ್ಶನದ ಹೆಸರೂ ಅವರ ಬಾಯಲ್ಲಿ ಬರುವುದಿಲ್ಲ. ಆದರೂ ಅವರು ತೀರ್ಮಾನಿಸಬೇಕಾಗಿರುವುದು ಆ ಹಳೆಯ ಪ್ರಶ್ನೆಯನ್ನೇ.

ನಿಸಾನ್ ಸಂಸ್ಥೆಯು 1969ರಲ್ಲಿ ಸ್ವದೇಶದಲ್ಲಿ ಫೇರ್‌ಲೇಡಿ ಝೆಡ್ ಎಂಬ ಹೆಸರಿನಿಂದ ಹೊರತಂದು, ಹೊರದೇಶಗಳಿಗೆ ಡಾಟ್ಸನ್ 240ಝೆಡ್ ಎಂದು ಕಳುಹಿಸಿದ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತೀರ್ಪುಗಾರನು ಬಾನೆಟ್ಟನ್ನು ಎತ್ತಿಸಿ, ಎಂಜಿನ್ನಿಗೂ ಆಸನಗಳಿಗೂ ನಡುವೆ ಇರುವ ತಗಡಿನ ಗೋಡೆಯ ಮೇಲೆ ಒತ್ತಿರುವ ಛಾಸಿ ಸಂಖ್ಯೆಯನ್ನು ಮೊದಲು ಓದುತ್ತಾನೆ. ಅಮೆರಿಕಕ್ಕೆ ಹೋದ ಕಾರಾದರೆ ಬಾಗಿಲಿನ ಚೌಕಟ್ಟಿನಲ್ಲಿರುವ ಫಲಕದಿಂದ ಅದು ತಯಾರಾದ ತಿಂಗಳನ್ನೂ ವರ್ಷವನ್ನೂ ತಿಳಿಯುತ್ತಾನೆ. ಆ ತಿಂಗಳೊಂದು ಸ್ಥಿರವಾಯಿತೆಂದರೆ ಮಿಕ್ಕದ್ದೆಲ್ಲವೂ ಅದಕ್ಕೆ ಅಧೀನ. ಮೊದಲ ಸರಣಿಯ ಕಾರುಗಳಲ್ಲಿ ಹಿಂಬಾಗಿಲಿನ ಮೇಲೆ ಗಾಳಿ ಹೊರಹೋಗಲು ಎರಡು ಜಾಲರಿಗಳಿದ್ದುವು. ಅನಂತರದವುಗಳಲ್ಲಿ ಅವು ಮಾಯವಾಗಿ, ಪಕ್ಕದ ಕಂಬದ ಲಾಂಛನದ ಸ್ಥಳಕ್ಕೆ ಸರಿದುವು. ಬೋಲ್ಟಿನ ತಲೆಯ ಮೇಲೆ ಉಕ್ಕಿನ ಬಲವನ್ನು ತಿಳಿಸುವ 4 ಅಥವಾ 7 ಎಂಬ ಅಂಕೆ ಇರಬೇಕಾದ ಕಡೆ ಇದೆಯೆ, ಅದರ ಮೇಲಿನ ಸತುವಿನ ಲೇಪಕ್ಕೆ ಅಂದಿನ ಹೊಂಬಣ್ಣದ ಛಾಯೆಯೇ ಇದೆಯೆ, ಕಾರ್ಬ್ಯುರೇಟರಿನ ತಿರುಪುಗಳು ಜಪಾನಿನ ಕೈಗಾರಿಕಾ ಮಾನಕಕ್ಕೆ ಒಪ್ಪುವಂಥವೆ ಅಥವಾ ಮುಂದೆ ಯಾರೋ ಹತ್ತಿರದ ಅಂಗಡಿಯಲ್ಲಿ ಕೊಂಡು ಕೂರಿಸಿದ ಅನ್ಯದೇಶೀಯವೆ, ನೀರಿನ ಕೊಳವೆಯನ್ನು ಬಿಗಿದ ಕ್ಲಿಪ್ಪು ಆ ಕಾಲದ್ದೆ, ಗಾಜಿನ ಮೂಲೆಯ ಮುದ್ರೆ ಏನು ಹೇಳುತ್ತದೆ, ಬೋಲ್ಟನ್ನು ಬಿಗಿದಾದ ಮೇಲೆ ಕಾರ್ಖಾನೆಯ ಪರೀಕ್ಷಕನು ಗುರುತಿಗಾಗಿ ಇಟ್ಟ ಬಣ್ಣದ ಬೊಟ್ಟು ಉಳಿದಿದೆಯೆ ಎಂದು ಹೀಗೆ ಒಂದೊಂದನ್ನಾಗಿ ನೋಡುತ್ತ, ವ್ಯತ್ಯಾಸ ಕಂಡಲ್ಲಿ ಅಂಕವನ್ನು ಕಳೆಯುತ್ತ ಹೋಗುತ್ತಾನೆ.

ಇದನ್ನು ಅಲ್ಪವಿಷಯಗಳ ವ್ಯಸನವೆಂದು ತಳ್ಳಿಹಾಕುವವರುಂಟು. ನಾನು ಹಾಗೆ ತಿಳಿಯಲಾರೆ. ಈ ಪರೀಕ್ಷೆಯಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಕೊರತೆಗೆ ಶಿಕ್ಷೆಯಿರುವಂತೆ ಅತಿಶಯಕ್ಕೂ ಶಿಕ್ಷೆಯಿರುವುದು. ಕಾರ್ಖಾನೆಯಲ್ಲಿ ಕಾರಿನ ಅಡಿಭಾಗಕ್ಕೆ ಬಣ್ಣ ತೆಳುವಾಗಿ ಬಿದ್ದಿತ್ತು. ಹೊರಮೈಯ ಬಣ್ಣದಲ್ಲಿಯೂ ಹತ್ತಿರದಿಂದ ನೋಡಿದರೆ ಸಣ್ಣ ತರಿತರಿ ಕಾಣುತ್ತಿತ್ತು. ಬೆಸುಗೆಯ ಚುಕ್ಕೆಗಳು ಮುಚ್ಚಿರಲಿಲ್ಲ. ಶ್ರೀಮಂತನಾದ ಯಜಮಾನನು ಇದೆಲ್ಲವನ್ನೂ ಉಜ್ಜಿಸಿ, ತುಂಬಿಸಿ, ಹತ್ತು ಪದರ ಬಣ್ಣ ಹೊಡೆಸಿ, ಕನ್ನಡಿಯಂತೆ ಹೊಳೆಯಿಸಿ ತಂದು ನಿಲ್ಲಿಸಿದರೆ, ಬಲ್ಲ ತೀರ್ಪುಗಾರನು ಅದನ್ನು ಗುಣವೆಂದು ಎಣಿಸದೆ ದೋಷವೆಂದೇ ಬರೆದುಕೊಳ್ಳುತ್ತಾನೆ. ಸೌಂದರ್ಯದ ದೃಷ್ಟಿಯಿಂದ ಇದು ಅನ್ಯಾಯವಾಗಿ ತೋರಬಹುದು. ಆದರೆ ಅಲ್ಲಿ ಪರೀಕ್ಷಿತವಾಗುತ್ತಿರುವುದು ಸೌಂದರ್ಯವಲ್ಲವಷ್ಟೆ; ಸತ್ಯ. ಆಗಿಹೋದದ್ದನ್ನು ಆದಂತೆಯೇ ಹೇಳತಕ್ಕ ಸಾಕ್ಷಿಯು ತನ್ನ ಮಾತನ್ನು ಅಲಂಕರಿಸಿದಷ್ಟೂ ನ್ಯಾಯಸ್ಥಾನದಲ್ಲಿ ಅದರ ಬೆಲೆ ಇಳಿಯುವಂತೆ, ಒಂದು ಕಾಲದ ಶ್ರಮಿಕರ ಕೈಗೆಲಸಕ್ಕೆ ಸಾಕ್ಷಿಯಾಗಿ ನಿಂತಿರುವ ಯಂತ್ರವೂ ಆ ಕೈಗಳು ಮಾಡದೆ ಬಿಟ್ಟುದನ್ನು ಮಾಡಿದಂತೆ ತೋರಿಸಬಾರದು.

ಇನ್ನೂ ಕಠಿನವಾದ ಪ್ರಸಂಗವೊಂದಿದೆ. 1970ರಿಂದ 1972ರ ವರೆಗಿನ 240ಝೆಡ್ ಕಾರುಗಳಲ್ಲಿ ಗುಂಡು ತಲೆಯ ಹಿಟಾಚಿ ಕಾರ್ಬ್ಯುರೇಟರುಗಳಿದ್ದುವು. 1973ರ ಅಮೆರಿಕದ ಕಾರುಗಳಿಗೆ, ಹೊಗೆಯ ನಿಯಮಗಳಿಗೋಸ್ಕರ, ಚಪ್ಪಟೆ ತಲೆಯ ಬೇರೊಂದು ಜಾತಿಯವನ್ನು ಕೂರಿಸಿದರು. ಅವು ಓಡಿಸುವವರಿಗೆ ಅಷ್ಟೊಂದು ಕಷ್ಟ ಕೊಟ್ಟುವೆಂದರೆ, ಅನೇಕರು ಅವುಗಳನ್ನು ಕಿತ್ತು ಹಿಂದಿನ ವರ್ಷದ ಗುಂಡು ತಲೆಯವನ್ನೇ ಹಾಕಿಸಿಕೊಂಡರು. ಕಾರು ಚೆನ್ನಾಗಿ ನಡೆಯಿತು. ಈಗ ಅಂಥ ಕಾರು ಪರೀಕ್ಷೆಗೆ ಬಂದರೆ ಅಂಕ ಕಳೆಯತಕ್ಕದ್ದೆ? ಕಳೆಯತಕ್ಕದ್ದೇ. ಕಾರ್ಖಾನೆ ತಪ್ಪು ಮಾಡಿತ್ತು, ಯಜಮಾನನು ತಿದ್ದಿದನು, ತಿದ್ದುಪಡಿ ಯಶಸ್ವಿಯೂ ಆಯಿತು. ಆದರೂ ಒಳ್ಳೆಯದೆಂಬುದೂ ನಿಜವಾದದ್ದೆಂಬುದೂ ಎಲ್ಲ ಕಾಲದಲ್ಲಿಯೂ ಒಂದೇ ಆಗಿರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳುವ ಧೈರ್ಯ ತೀರ್ಪುಗಾರನಿಗೆ ಬೇಕು. ಪ್ರತಿದಿನ ಓಡಿಸುವುದಕ್ಕೆ ನಾನು ತಿದ್ದಿದ ಕಾರನ್ನೇ ಆರಿಸಿಕೊಂಡೇನು. 1973ರಲ್ಲಿ ಏನಾಯಿತೆಂಬುದನ್ನು ತಿಳಿಯಬೇಕಾದಾಗ ಅದು ನನಗೆ ನೆರವಾಗಲಾರದು.

ಇಷ್ಟರ ತನಕ ಹೇಳಿದ್ದು ಕಾರ್ಖಾನೆಗೆ ಅನುರೂಪವಾಗಿರುವುದನ್ನು ಕುರಿತು. ಮೂಲವಾಗಿರುವುದು ಬೇರೆ. 1971ರ ಕಾರಿಗೆ 1971ರ ಮಾದರಿಯ ಬಾಗಿಲನ್ನು ಮತ್ತೊಂದು ಕಾರಿನಿಂದ ತಂದು ಜೋಡಿಸಿದರೆ ಅದು ಅನುರೂಪವೇ ಹೌದು, ಮೂಲವಲ್ಲ. ಹೀಗೆ ಬಾಗಿಲು, ಆಮೇಲೆ ಎಂಜಿನ್ನು, ಆಮೇಲೆ ತುಕ್ಕು ಹಿಡಿದ ನೆಲದ ತಗಡು ಎಂದು ಒಂದೊಂದಾಗಿ ಬದಲಾಗುತ್ತ ಹೋದ ಕಾರು ಯಾವ ಘಟ್ಟದವರೆಗೆ ಅದೇ ಕಾರು? ಮಿಲಿಂದರಾಜನ ಮುಂದೆ ನಾಗಸೇನನು ಎತ್ತಿದ ಪ್ರಶ್ನೆ ಇದಕ್ಕೆ ಬಹು ಸಮೀಪದ್ದು. ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಕೇಳುತ್ತ ಹೋಗಿ, ಯಾವುದೂ ಅಲ್ಲವೆಂದಾದ ಮೇಲೆ, ಇವೆಲ್ಲವುಗಳ ಕೂಟಕ್ಕೆ ವ್ಯವಹಾರಾರ್ಥವಾಗಿ ಇಟ್ಟ ಹೆಸರೇ ರಥ ಎಂಬ ಸಿದ್ಧಾಂತಕ್ಕೆ ಆ ಭಿಕ್ಷುವು ರಾಜನನ್ನು ಕರೆತಂದನು. ನ್ಯಾಯವೈಶೇಷಿಕರು ಇದನ್ನು ಒಪ್ಪಲಿಲ್ಲ. ಅವರ ಮತದಲ್ಲಿ ಅವಯವಗಳಿಗಿಂತ ಬೇರೆಯಾಗಿ, ಅವುಗಳಲ್ಲಿ ಸಮವೇತವಾಗಿ, ಅವಯವಿ ಎಂಬುದೊಂದು ನಿಜವಾದ ಪದಾರ್ಥವೇ ಉಂಟು. ಆದರೆ ಈ ವಾಸ್ತವವಾದಕ್ಕೆ ಅವರು ತೆತ್ತ ಬೆಲೆ ಅಲ್ಪವಲ್ಲ: ವಸ್ತ್ರದಿಂದ ಒಂದು ನೂಲನ್ನು ಎಳೆದರೂ ಹಿಂದಿನ ವಸ್ತ್ರ ನಾಶವಾಗಿ, ಖಂಡಪಟವೆಂಬ ಬೇರೊಂದು ವಸ್ತ್ರ ಹುಟ್ಟುತ್ತದೆಂದು ಅವರು ಹೇಳಬೇಕಾಯಿತು. ಅತಿ ನಿಷ್ಠುರನಾದ ಕಾರು ಪರೀಕ್ಷಕನು ತಿಳಿಯದೆಯೇ ಈ ಮತಕ್ಕೆ ಸೇರಿದವನು. ಒಂದು ತಿರುಪು ಬದಲಾದರೂ ಅವನ ದೃಷ್ಟಿಯಲ್ಲಿ ಮೂಲದ ಕಾರು ಹೋಯಿತು. ದ್ರವ್ಯವು ಉಳಿದಿರುವಂತೆಯೇ ಪರ್ಯಾಯಗಳು ಹುಟ್ಟಿ ಅಳಿಯುತ್ತವೆಂಬ ಜೈನದೃಷ್ಟಿಯೇ ಇಲ್ಲಿ ನಮ್ಮ ಅನುಭವಕ್ಕೆ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ. ಏಕೆಂದರೆ ಟಯರು ಸವೆದು ಬದಲಾಗದ ಕಾರು ಲೋಕದಲ್ಲಿಲ್ಲ, ಹಾಗೆಂದು ಪ್ರತಿಯೊಂದು ಟಯರಿಗೂ ನಾವು ಹೊಸ ಕಾರನ್ನು ಎಣಿಸುವುದೂ ಇಲ್ಲ.

ತತ್ತ್ವದ ಈ ವಿವಾದ ಹೇಗೆಯೇ ತೀರಲಿ, ತೀರ್ಪುಗಾರನ ಕಷ್ಟ ಪ್ರಮಾಣಗಳಲ್ಲಿದೆ. ಅವನ ಪ್ರತ್ಯಕ್ಷಕ್ಕೆ ಗೋಚರಿಸುವುದು ಸಾದೃಶ್ಯ ಮಾತ್ರ. ಈಗ ಉರಿಯುತ್ತಿರುವ ಜ್ವಾಲೆಯನ್ನು ಹಿಂದಿನ ಕ್ಷಣದ ಜ್ವಾಲೆಯೇ ಎಂದು ಕಣ್ಣು ಗುರುತಿಸುತ್ತದೆ, ಆ ಗುರುತು ಭ್ರಮೆಯೆಂದು ವಿಚಾರ ತಿಳಿಸುತ್ತದೆ. ಹಾಗೆಯೇ ಸರಿಯಾದ ಅಂಕೆಯುಳ್ಳ ಬೋಲ್ಟು ಅರ್ಧ ಶತಮಾನದಿಂದ ಅಲ್ಲಿಯೇ ಇದೆಯೋ, ಕಳೆದ ವಾರ ಬಂದಿತೋ, ಕಣ್ಣಿಗೆ ಹೇಗೆ ತಿಳಿದೀತು? ಅನುಮಾನವು ಸ್ವಲ್ಪ ದೂರ ಮುಂದೆ ಹೋಗುತ್ತದೆ: ಕಾರು ತಯಾರಾದ ತಿಂಗಳಿಗಿಂತ ಈಚಿನ ಮುದ್ರೆ ಗಾಜಿನ ಮೇಲಿದ್ದರೆ ಗಾಜು ಬದಲಾಗಿದೆ ಎಂಬುದು ನಿಸ್ಸಂದೇಹ. ಆದರೆ ಈ ಅನುಮಾನವು ಅಲ್ಲವೆಂದು ಸಾಧಿಸಬಲ್ಲುದೇ ಹೊರತು ಹೌದೆಂದು ಸಾಧಿಸಲಾರದು. ಮುದ್ರೆ ಹೊಂದಿದೊಡನೆಯೇ ಗಾಜು ಮೂಲದ್ದೆಂದು ಆಗಲಿಲ್ಲ.

ಕಪಟಕ್ಕೆ ಅವಕಾಶವಿರುವುದು ಈ ಸಂಧಿಯಲ್ಲಿಯೇ. ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಪ್ರಿನ್ಸ್ ಸಂಸ್ಥೆಯ ಆರ್380 ಎಂಬ ಪಂದ್ಯದ ಕಾರಿನ ಎಂಜಿನ್ನಿನ ವಂಶದಲ್ಲಿ ಹುಟ್ಟಿದ, ಆರು ಸಿಲಿಂಡರು, ಇಪ್ಪತ್ತುನಾಲ್ಕು ಕವಾಟ, 1989 ಘನ ಸೆಂಟಿಮೀಟರಿನ ಎಸ್20 ಎಂಜಿನ್ನನ್ನು ಹೊತ್ತು ಅದು 1969ರಲ್ಲಿ ಬಂದಿತು. 1973ರ ಎರಡನೆಯ ತಲೆಮಾರಿನಲ್ಲಂತೂ ತಯಾರಾದವು ಕೇವಲ 197. ಅದೇ ಆಕೃತಿಯ ಸಾಮಾನ್ಯ ಸ್ಕೈಲೈನ್‌ಗಳು ಮಾತ್ರ ಬಹುಸಂಖ್ಯೆಯಲ್ಲಿದ್ದುವು. ಮೊದಲ ತಲೆಮಾರಿನ ಎರಡು ಬಾಗಿಲಿನ ಕಾರಿನಲ್ಲಿ ಸಾಮಾನ್ಯದ್ದರ ಸಂಕೇತ ಕೆಜಿಸಿ10, ಜಿಟಿ-ಆರ್‌ನದು ಕೆಪಿಜಿಸಿ10. ನಡುವೆ ಒಂದೇ ಅಕ್ಷರ. ಸಾಮಾನ್ಯ ಕಾರಿನ ಪಕ್ಕದಲ್ಲಿ ಹಿಂಚಕ್ರದ ಮೇಲೆ ಹಾದುಹೋಗುವ ಗೆರೆಯೊಂದಿತ್ತು. ಜಿಟಿ-ಆರ್‌ನಲ್ಲಿ ಅಗಲವಾದ ಟಯರಿಗೋಸ್ಕರ ಆ ಭಾಗವನ್ನು ಕತ್ತರಿಸಿ ಕಪ್ಪು ಹೊರತೊಡವನ್ನು ಇಟ್ಟಿದ್ದರು. ಆದುದರಿಂದ ಸಾಮಾನ್ಯ ಕಾರಿಗೆ ಜಿಟಿ-ಆರ್ ವೇಷ ಹಾಕಬೇಕೆಂಬವನು ಆ ಕಾರಿನ ಮೈಯನ್ನೇ ಕೊಯ್ಯಬೇಕು. ಹಾಗೆ ಕೊಯ್ಯಿಸಿಕೊಂಡ ಕಾರುಗಳು ಜಪಾನಿನಲ್ಲಿ ವಿರಳವಲ್ಲ. ವೇಷವೆಂದು ಹೇಳಿ ವೇಷ ಹಾಕಿದರೆ ಅದು ಅಭಿಮಾನಿಯ ಸಂತೋಷ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಫಲಕವನ್ನು ಬದಲಾಯಿಸಿ, ಇಲ್ಲದ ಜನ್ಮವನ್ನು ಅದಕ್ಕೆ ಆರೋಪಿಸಿದಾಗ, ಪ್ರಾಮಾಣಿಕವಾದ ಒಂದು ಸಾಮಾನ್ಯ ಕಾರು ಲೋಕದಿಂದ ಮರೆಯಾಯಿತು, ಒಂದು ಸುಳ್ಳು ಅದರ ಸ್ಥಾನಕ್ಕೆ ಬಂದು ನಿಂತಿತು.

ಹಾಗಾದರೆ ತಯಾರಕನೇ ಮತ್ತೆ ಮಾಡಿಕೊಟ್ಟ ಭಾಗದ ಗತಿಯೇನು? ಟೊಯೋಟಾ 2000ಜಿಟಿಯನ್ನು ಯಮಾಹಾದ ಸಹಯೋಗದಲ್ಲಿ 1967ರಿಂದ 1970ರ ವರೆಗೆ, ಮೂಲಮಾದರಿಗಳೂ ಸೇರಿ, 351ರಷ್ಟೇ ತಯಾರಿಸಿದರು. ಅದರ ಡ್ಯಾಶ್‌ಬೋರ್ಡಿನ ಮರದ ಕೆಲಸದಲ್ಲಿ ಪಿಯಾನೊ ಮಾಡುವವರ ಕೈಯಿತ್ತು. ಆ ಕಾರಿನ ಗೇರುಪೆಟ್ಟಿಗೆಯ ಭಾಗಗಳನ್ನು ಟೊಯೋಟಾ 2020ರಲ್ಲಿ ಪುನಃ ತಯಾರಿಸಲು ಮುಂದಾಯಿತು. ಮಾಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರುಗಳನ್ನು ತಾನೇ ಪುನರುದ್ಧರಿಸಿಕೊಡುವ ಏರ್ಪಾಡು ಮಾಡಿದಾಗ, ಅಂದಿನ ಟಯರನ್ನು ಕೂಡ ಬ್ರಿಜ್‌ಸ್ಟೋನ್ ಮತ್ತೆ ಮಾಡಿಕೊಟ್ಟಿತು. ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಕಾರುಗಳನ್ನು ಹೊಸತುಮಾಡಿಕೊಡುವ ಸೇವೆಯನ್ನು 1993ರಷ್ಟು ಹಿಂದೆಯೇ ಆರಂಭಿಸಿತ್ತು. ಅದೇ ಸಂಸ್ಥೆ, ಅದೇ ನಕ್ಷೆ, ಅದೇ ಮುದ್ರೆ. ಕಾಲ ಮಾತ್ರ ಬೇರೆ. ಇಂಥದನ್ನು ಮೂಲವೆಂದು ಹೇಳಬೇಕೆನ್ನುವವರು ಜಪಾನಿನದೇ ಆದ ಇಸೆ ದೇವಾಲಯವನ್ನು ತೋರಿಸುತ್ತಾರೆ. 690ರಲ್ಲಿ ಮೊದಲಾಗಿ, ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಅದೇ ಆಕಾರದ ಮಂದಿರವನ್ನು ಕಟ್ಟಿ, ಹಳೆಯದನ್ನು ಬಿಚ್ಚುವ ಸಂಪ್ರದಾಯ, ನಡುವೆ ಯುದ್ಧಗಳಿಂದ ಕೆಲವು ಕಾಲ ತಡೆದರೂ, 2013ರಲ್ಲಿ ಅರುವತ್ತೆರಡನೆಯ ಸಲ ನಡೆಯಿತು. 1994ರಲ್ಲಿ ನಾರಾ ನಗರದಲ್ಲಿ ಸೇರಿದ ತಜ್ಞರೂ, ಪುರಾತನ ವಸ್ತುವಿನ ಪ್ರಾಮಾಣ್ಯವನ್ನು ಉಪಾದಾನದಲ್ಲಿ ಮಾತ್ರವಲ್ಲದೆ ಆಕಾರ, ಉಪಯೋಗ, ಪರಂಪರೆ, ಕೌಶಲ ಇವುಗಳಲ್ಲಿಯೂ ಕಾಣಬಹುದೆಂದು ಲಿಖಿತವಾಗಿ ಅಂಗೀಕರಿಸಿದರು.

ಈ ವಾದಕ್ಕೆ ನಾನು ಬಹುಮಟ್ಟಿಗೆ ತಲೆಬಾಗುತ್ತೇನೆ. ಆದರೆ ಅದರಿಂದ ಕೆಲವರು ಎಳೆಯುವ ಫಲಿತಾಂಶಕ್ಕೆ ಒಪ್ಪಲಾರೆ. ಇಸೆಯ ಮರ ಹೊಸದೆಂಬುದನ್ನು ಯಾರೂ ಮುಚ್ಚಿಟ್ಟಿಲ್ಲ. ಮರ ಕಡಿಯುವುದರಿಂದ ಹಿಡಿದು ದೇವತೆಯನ್ನು ಬಿಜಯಮಾಡಿಸುವವರೆಗೆ ಎಲ್ಲವೂ ಘೋಷಿತವಾದ ಕರ್ಮ. ನಮ್ಮ ಆಗಮಗಳ ಜೀರ್ಣೋದ್ಧಾರಕ್ರಮದಲ್ಲಿಯೂ ಕಳಾಕರ್ಷಣೆ ಮಾಡಿ, ಸಾನ್ನಿಧ್ಯವನ್ನು ಬಾಲಾಲಯಕ್ಕೆ ಒಯ್ದು, ಗುಡಿ ಸಿದ್ಧವಾದ ಮೇಲೆ ಊರೆಲ್ಲ ನೆರೆದಿರುವಾಗ ಮರಳಿ ಪ್ರತಿಷ್ಠೆ ಮಾಡುತ್ತಾರೆ; ರಾತ್ರಿಯಲ್ಲಿ ಗುಟ್ಟಾಗಿ ಕಲ್ಲನ್ನು ಬದಲಾಯಿಸಿ ಇದು ಹಳೆಯ ಕಲ್ಲೇ ಎಂದು ಭಕ್ತರಿಗೆ ಹೇಳುವುದಿಲ್ಲ. ನವೀಕರಣವನ್ನು ಪವಿತ್ರವಾಗಿಸುವುದು ಈ ಪ್ರಕಟತೆಯೇ ಎಂದು ನಾನು ತಿಳಿದಿದ್ದೇನೆ. 2020ರ ಗೇರುಚಕ್ರವನ್ನು 2020ರದೆಂದು ಹೇಳಿ ಕೂರಿಸಿದ ಟೊಯೋಟಾ ತನ್ನ ವಂಶದ ಧರ್ಮವನ್ನು ನಡೆಸುತ್ತಿದೆ. ಅದೇ ಚಕ್ರವನ್ನು ತಂದು 1968ರದೆಂದು ತೋರಿಸಿದರೆ, ಮುದ್ರೆ ನಿಜವಾದರೂ ಮಾತು ಸುಳ್ಳು. ಪರೀಕ್ಷಕನ ಬಣ್ಣದ ಬೊಟ್ಟನ್ನು ಇಂದು ಕುಂಚದಿಂದ ಇಡುವವರನ್ನು ಕುರಿತೂ ನನ್ನ ಅಭಿಪ್ರಾಯ ಇಷ್ಟೇ: ಅಲ್ಲಿ ಬೊಟ್ಟು ಇತ್ತೆಂದು ತಿಳಿಸುವುದಕ್ಕೆ ಇಟ್ಟರೆ ಅದು ವ್ಯಾಖ್ಯಾನ, ಅಂದಿನ ಪರೀಕ್ಷಕನೇ ಇಟ್ಟನೆಂದು ನಂಬಿಸುವುದಕ್ಕೆ ಇಟ್ಟರೆ ಕೂಟಲೇಖ್ಯ.

ಆದುದರಿಂದ ಪ್ರತ್ಯಕ್ಷವೂ ಅನುಮಾನವೂ ನಿಲ್ಲುವ ಸ್ಥಳದಲ್ಲಿ ಶಬ್ದಪ್ರಮಾಣವೊಂದೇ ಉಳಿಯುತ್ತದೆ. ನೈಯಾಯಿಕರು ಆ ಪ್ರಮಾಣಕ್ಕೆ ಅರ್ಹನಾದವನನ್ನು ಆಪ್ತನೆಂದು ಕರೆದರು: ವಿಷಯವನ್ನು ಸ್ವತಃ ತಿಳಿದವನು, ತಿಳಿದಂತೆಯೇ ಹೇಳಲಿಚ್ಛಿಸುವವನು. ಕಾರಿನ ವಿಷಯದಲ್ಲಿ ಅಂಥ ಆಪ್ತನಾಗಲು ಶಕ್ತನಾದವನು ಅದರ ಯಜಮಾನನೇ. ಯಾವ ಬೋಲ್ಟು ಎಂದು ಬದಲಾಯಿತೆಂಬುದನ್ನು ಬಲ್ಲವನು ಅವನೊಬ್ಬನೇ. ಮೂಲತ್ವವನ್ನು ಲೋಹದಲ್ಲಿ ಮಾತ್ರ ಹುಡುಕುವ ಪರೀಕ್ಷೆಯು, ಅದನ್ನು ಬಲ್ಲ ಏಕೈಕ ಮನುಷ್ಯನನ್ನು ಪ್ರತಿವಾದಿಯಂತೆ ದೂರ ನಿಲ್ಲಿಸಿ, ಮರೆಸುವುದರಲ್ಲಿಯೇ ಅವನಿಗೆ ಲಾಭವಿರುವಂತೆ ಮಾಡಿಬಿಟ್ಟಿದೆ. ಬದಲಾದ ಗಾಜನ್ನು ತಾನಾಗಿ ತೋರಿಸಿದವನಿಗೂ, ತೀರ್ಪುಗಾರನ ಕಣ್ಣಿಗೆ ಬಿದ್ದಮೇಲೆ ಒಪ್ಪಿಕೊಂಡವನಿಗೂ ಒಂದೇ ಅಂಕ ಹೋಗುವುದಾದರೆ, ತೋರಿಸುವುದರಿಂದ ಅವನಿಗೆ ಬಂದ ಭಾಗ್ಯವೇನು?

ಈ ಪರೀಕ್ಷೆಗಳನ್ನು ನಡೆಸುವವರಲ್ಲಿ ನನ್ನ ಬಿನ್ನಹವಿಷ್ಟು. ಅಂಕಪಟ್ಟಿಯ ಮೊದಲಿನಲ್ಲಿಯೇ ಯಜಮಾನನ ಹೇಳಿಕೆಗೊಂದು ಕಲಮನ್ನು ಇಡಿ. ಬದಲಾದ ಭಾಗ, ಬದಲಾದ ವರ್ಷ, ಬದಲಿಸಿದ ಕಾರಣ ಇವು ಅದರಲ್ಲಿ ಬರೆದಿರಲಿ. ತೆಗೆದ ಹಳೆಯ ಭಾಗ ಉಳಿದಿದ್ದರೆ ಅದನ್ನು ಕಾರಿನ ಜತೆಯಲ್ಲಿಯೇ ಇಡುವಂತೆ ವಿಧಿಸಿ. ಹೇಳಿದ ವ್ಯತ್ಯಾಸಕ್ಕೆ ಅಲ್ಪವಾಗಿ ಕಳೆಯಿರಿ, ಹೇಳದೆ ಮುಚ್ಚಿದ್ದಕ್ಕೆ ಹೆಚ್ಚಾಗಿ ಕಳೆಯಿರಿ, ತಿದ್ದಿದ ಸಂಖ್ಯೆಯುಳ್ಳ ಕಾರನ್ನು ಅಂಗಳಕ್ಕೇ ಬಿಡಬೇಡಿ.