ತಾಳುಬೆಟ್ಟದಿಂದಲೇ ಗುಡಿ ಶುರು

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹನೂರು ದಾಟಿ ತಾಳುಬೆಟ್ಟಕ್ಕೆ ಬಂದರೆ ಕಾಡಿನ ಏರು ಶುರು. ಬಸ್ಸಿದ್ದರೂ ಹರಕೆ ಹೊತ್ತವರು ನಡೆದೇ ಹತ್ತುತ್ತಾರೆ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಬರುವವರೂ ಇದ್ದಾರೆ. ಪುಣ್ಯವಿರುವುದು ಗುಡಿ ಮುಟ್ಟುವುದರಲ್ಲಷ್ಟೇ ಆಗಿದ್ದರೆ ಬಸ್ಸೇ ಸಾಕಿತ್ತು. ನಡೆಯಲು ಹೊರಟವರು ದಾರಿಗೂ ಪಾವಿತ್ರ್ಯವಿದೆ ಎಂದು ಒಪ್ಪಿಕೊಂಡೇ ಹೊರಟಿರುತ್ತಾರೆ. ಹಾಗೆ ಒಪ್ಪಿದ ಮೇಲೆ ದಾರಿಯ ಕಾಡನ್ನು ಗುಡಿಯ ಪ್ರಾಕಾರದಂತೆ ನೋಡಿಕೊಳ್ಳುವ ಹೊಣೆಯೂ ಹರಕೆಯೊಳಗೇ ಸೇರಿದೆ ಎಂಬುದು ನನ್ನ ವಾದ.

ಇದಕ್ಕೆ ಪರಂಪರೆಯೇ ಸಾಕ್ಷಿ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಕಾವ್ಯದಲ್ಲಿ ಮಾದಪ್ಪ, ಅಂದರೆ ಮಹದೇಶ್ವರ, ಎಪ್ಪತ್ತೇಳು ಮಲೆಯ ಒಡೆಯ. ಆನುಮಲೆ, ಜೇನುಮಲೆ, ಪೊನ್ನಾಚಿಮಲೆಗಳೆಲ್ಲ ಅವನವೇ, ಹುಲಿ ಅವನ ವಾಹನ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದ ನೀರನ್ನು ಹೊತ್ತು ತರುತ್ತಾರೆ, ಆ ನೀರಿನಲ್ಲೇ ಅಭಿಷೇಕ. ಹಳ್ಳ ಬತ್ತಿದರೆ ಪೂಜೆಯೂ ನಿಲ್ಲುತ್ತದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ ದೊಡ್ಡ ಸಂಪಿಗೆ ಮರವೇ ಪೂಜೆಗೊಳ್ಳುತ್ತದೆ.

ದೇವರು ಎಲ್ಲೆಲ್ಲೂ ಇರುವಾಗ ಈ ಕಾಡಿಗೇ ಏಕೆ ವಿಶೇಷ ಮರ್ಯಾದೆ ಎಂದು ಕೇಳಬಹುದು. ಎಲ್ಲೆಲ್ಲೂ ಇರುವವನು ಈ ಪೊದೆಯಲ್ಲೂ ಇದ್ದಾನೆ. ಹಾಗಿದ್ದಮೇಲೆ ಅದರ ಮೇಲೆ ಪ್ಲಾಸ್ಟಿಕ್ ಬಾಟಲಿ ಎಸೆಯಲು ಆ ಮಾತು ಅನುಮತಿ ಕೊಡುವುದಿಲ್ಲ. ಹಿರಿಯರು ತಲೆಮಾರುಗಟ್ಟಲೆ ನಡೆದರೂ ಕಾಡು ಉಳಿದಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಅವರು ಬಿಟ್ಟುಹೋದ ಎಲೆ ಮಣ್ಣಾಯಿತು, ನಾವು ಬಿಟ್ಟುಹೋಗುವುದು ಆಗದು. ಸ್ವಾಮಿಯೇ ತನ್ನ ಕಾಡನ್ನು ಕಾಯುತ್ತಾನೆ ಎಂಬ ನಂಬಿಕೆಗೂ ಉತ್ತರ ಬೇಕು. 2013ರಲ್ಲಿ ಈ ಮಲೆಗಳು ವನ್ಯಜೀವಿಧಾಮವಾದವು. ಆದರೂ 2025ರ ಜೂನ್‌ನಲ್ಲಿ ಇಲ್ಲಿನ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಅದು ಯಾತ್ರಿಕರ ಕೆಲಸವಲ್ಲ, ನಿಜ. ಆದರೆ ಕಾನೂನಾಗಲಿ ಹಾಡಾಗಲಿ ತಾನಾಗಿಯೇ ಹುಲಿಯನ್ನು ಕಾಯುವುದಿಲ್ಲ, ಕಾಯಬೇಕಾದವರು ಮನುಷ್ಯರೇ ಎಂಬುದನ್ನು ಅದು ತೋರಿಸಿತು.

ಹಾಗಾದರೆ ಪಾದಯಾತ್ರೆಯನ್ನೇ ನಿಲ್ಲಿಸಬೇಕೆ? ಕೂಡದು. ವಾಹನಗಳ ಹೊಗೆ, ಹಾರನ್ನಿಗಿಂತ ಬರಿಗಾಲು ಕಾಡಿಗೆ ಹಗುರ. ಮನುಷ್ಯರನ್ನು ಹೊರಗಿಟ್ಟರೆ ಮಾತ್ರ ಕಾಡು ಉಳಿಯುತ್ತದೆ ಎಂಬುದೂ ಸರಿಯಲ್ಲ. ಬಿಳಿಗಿರಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಬೇಕಾಗಿರುವುದು ನಿಯಮವುಳ್ಳ ನಡಿಗೆ. ಉಪವಾಸಕ್ಕೆ, ಮುಡಿಗೆ ಕಟ್ಟುಪಾಡು ಇರುವ ಹರಕೆಯಲ್ಲಿ ಕಾಡಿಗೂ ಒಂದು ಕಟ್ಟುಪಾಡು ಇರಲಿ. ಆದ್ದರಿಂದ ಮಾದಪ್ಪನ ಒಕ್ಕಲಲ್ಲಿ ನನ್ನ ಬಿನ್ನಹ ಇಷ್ಟೆ: ತಾಳುಬೆಟ್ಟದಿಂದಲೇ ಗುಡಿಯೊಳಗೆ ಕಾಲಿಟ್ಟೆವೆಂದು ತಿಳಿದು ನಡೆಯಿರಿ. ಬೆಂಕಿ ಹಚ್ಚಬೇಡಿ, ಹೊತ್ತೊಯ್ದ ಪ್ಲಾಸ್ಟಿಕ್ಕನ್ನು ಹೊತ್ತೇ ತನ್ನಿ.